ಕಟ್ಟು ಬಿಚ್ಚಿದ ಮೇಲೆ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕುಗಳಲ್ಲಿ ಬೆಳಿಗ್ಗೆ ಹೊತ್ತು ಯಾವ ರಸ್ತೆಯಲ್ಲಿ ನಿಂತು ನೋಡಿದರೂ ಎಡ ಅಂಚಿನಲ್ಲಿ ಸೈಕಲ್ ತುಳಿಯುತ್ತಾ ಕೆಲಸಕ್ಕೆ ಹೋಗುವವರು ಕಾಣುತ್ತಾರೆ. ಗಾರೆ ಕೆಲಸದವರು, ಹೋಟೆಲಿನ ಅಡುಗೆಯವರು, ಕಡಲೆಕಾಯಿ ಮಿಲ್ಲಿನ ಹಮಾಲರು, ಹಳ್ಳಿಗೆ ಟಪಾಲು ಒಯ್ಯುವವರು, ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ಕಾವಲಿನವರು. ಇವರಲ್ಲಿ ಎಷ್ಟೋ ಜನ ತುಳಿಯುವುದು ತಮ್ಮ ಮಕ್ಕಳ ಸೈಕಲ್. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡಲು ಶುರುಮಾಡಿತಲ್ಲ, ಮಗಳು ಓದು ಮುಗಿಸಿ ಮದುವೆಯಾಗಿ ಹೋದ ಮೇಲೆ ಅದು ಅಪ್ಪನ ಪಾಲಿಗೆ ಬಂತು. ಸೀಟು ಎತ್ತರಿಸಿ, ಹಿಂದೊಂದು ಗಟ್ಟಿ ಕ್ಯಾರಿಯರ್ ಹಾಕಿಸಿ, ಊಟದ ಡಬ್ಬಿ ಸಿಕ್ಕಿಸಿಕೊಂಡರೆ ಕೆಲಸದ ಗಾಡಿ ತಯಾರು.

ಇವರು ಬಿದ್ದರೆ ಸುದ್ದಿಯಾಗುವುದಿಲ್ಲ. 2022ರ ಮಾರ್ಚಿನಲ್ಲಿ ಪಾವಗಡ ತಾಲ್ಲೂಕಿನ ಪಳವಳ್ಳಿ ಬಳಿ ಖಾಸಗಿ ಬಸ್ಸು ಉರುಳಿ ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡಾಗ, ಅದೇ ವರ್ಷ ಆಗಸ್ಟಿನಲ್ಲಿ ಶಿರಾ ತಾಲ್ಲೂಕಿನ ಹೆದ್ದಾರಿಯಲ್ಲಿ ಕೂಲಿಕಾರರಿದ್ದ ಕ್ರೂಸರ್‌ಗೂ ಲಾರಿಗೂ ಡಿಕ್ಕಿಯಾಗಿ ಒಂಬತ್ತು ಜನ ಸತ್ತಾಗ ದೇಶವೆಲ್ಲ ಮರುಗಿತು. ಸೈಕಲ್ಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡವನ ಬಗ್ಗೆ ಊರಿನವರು ಆಡುವ ಮಾತು ಒಂದೇ: "ಏನಾಗಿಲ್ಲ, ಕೈ ಮುರ್ದೈತೆ ಅಷ್ಟೆ. ಆರು ವಾರಕ್ಕೆ ಕಟ್ಟು ಬಿಚ್ತಾರೆ."

ಆ 'ಅಷ್ಟೆ' ಅನ್ನುವುದರ ಒಳಗೆ ಏನೇನು ಇದೆ ಅನ್ನುವುದೇ ಇವತ್ತಿನ ನನ್ನ ಮಾತು. ಮೂಳೆ ಕೂಡುವುದು ಬೇರೆ, ಮನುಷ್ಯ ಮತ್ತೆ ಕೆಲಸಕ್ಕೆ ಬರುವುದು ಬೇರೆ. ಕಟ್ಟು ಬಿಚ್ಚಿದ ದಿನ ಅರ್ಧ ದಾರಿ ಬಂದಂತೆ. ನಮ್ಮಲ್ಲಿ ಬಹಳ ಜನ ಅಲ್ಲಿಗೇ ನಿಂತುಬಿಡುತ್ತಾರೆ. ಉಳಿದ ಅರ್ಧ ದಾರಿಗೆ ಡಾಕ್ಟರು ಸಾಲದು. ಮನೆಯವರು ಬೇಕು, ಕೆಲಸ ಕೊಟ್ಟವರು ಬೇಕು, ಕಾನೂನೂ ಬೇಕು.

ನಾನು ಹೈಸ್ಕೂಲು ಮೇಷ್ಟ್ರು. ಮಧುಗಿರಿಯಲ್ಲಿ ಮನೆ, ಶಿರಾ ದಾರಿಯ ಒಂದು ಹಳ್ಳಿಯಲ್ಲಿ ಶಾಲೆ. ಮೊದಲಿನಿಂದಲೂ ಸೈಕಲ್ ಸವಾರಿ. ಈ ದಾರಿ ಈಗ ಹೊನ್ನಾವರದಿಂದ ಚಿತ್ತೂರಿಗೆ ಹೋಗುವ 69ನೇ ರಾಷ್ಟ್ರೀಯ ಹೆದ್ದಾರಿ. ಶಿರಾ ಮಗ್ಗುಲಲ್ಲಿ 48ನೇ ಹೆದ್ದಾರಿ ಹಗಲಿರುಳು ಹರಿಯುತ್ತದೆ. ಮಳವಳ್ಳಿಯಿಂದ ಹೊರಟ ರಾಜ್ಯ ಹೆದ್ದಾರಿ ತುಮಕೂರು, ಕೊರಟಗೆರೆ, ಮಧುಗಿರಿ ಹಾದು ಪಾವಗಡ ಮುಟ್ಟುತ್ತದೆ. ರಸ್ತೆ ನುಣುಪಾದಷ್ಟೂ ಗಾಡಿಗಳ ವೇಗ ಹೆಚ್ಚಿತು, ಸೈಕಲ್ಲಿನವನ ಪಾಲಿಗೆ ಡಾಂಬರಿನ ಕೊನೆಯ ಒಂದು ಅಡಿ ಉಳಿಯಿತು. ಎಷ್ಟೋ ಕಡೆ ಆ ಅಂಚಿನ ಮಣ್ಣು ಮಳೆಗೆ ಕೊಚ್ಚಿಹೋಗಿ ಡಾಂಬರು ಗೇಣುದ್ದ ಮೇಲಿರುತ್ತದೆ. ಹಿಂದಿನಿಂದ ಲಾರಿ ಹಾರ್ನ್ ಹೊಡೆದಾಗ ಗಾಬರಿಬಿದ್ದು ಕೆಳಗಿಳಿದರೆ ಮುಂದಿನ ಚಕ್ರ ಇಳಿಯುತ್ತದೆ, ಹಿಂದಿನದು ಇಳಿಯುವುದಿಲ್ಲ. ಬೀಳುವುದು ಅಲ್ಲೇ.

ಇದರ ಜೊತೆಗೆ ಸುಗ್ಗಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ನಮ್ಮ ಕಡೆಯ ರಸ್ತೆಗಳೇ ಕಣಗಳು. ರಾಗಿ ತೆನೆ, ಹುರುಳಿ ಬಳ್ಳಿ, ತೊಗರಿ, ಎಲ್ಲವನ್ನೂ ಡಾಂಬರಿನ ಮೇಲೆ ಹರಡಿ ಹೋಗಿ ಬರುವ ಗಾಡಿಗಳ ಚಕ್ರದಡಿ ಒಕ್ಕುತ್ತಾರೆ. ಪೊಲೀಸರು ಪ್ರತಿ ವರ್ಷ ಎಚ್ಚರಿಕೆ ಕೊಡುತ್ತಾರೆ, ಒಕ್ಕಣೆ ಪ್ರತಿ ವರ್ಷ ನಡೆಯುತ್ತದೆ. ರೋಣಗಲ್ಲು ಎಳೆಯಲು ಎತ್ತಿಲ್ಲ, ಕಣ ಸಾರಿಸಲು ಆಳಿಲ್ಲ, ಒಂದೆರಡು ಎಕರೆಯ ಬೆಳೆಗೆ ಯಂತ್ರದ ಬಾಡಿಗೆ ಕೊಟ್ಟರೆ ರೈತನಿಗೆ ಏನೂ ಉಳಿಯುವುದಿಲ್ಲ. ಬಸ್ಸು ಲಾರಿಗಳಿಗೆ ಈ ಹುಲ್ಲು ಲೆಕ್ಕಕ್ಕಿಲ್ಲ. ಸೈಕಲ್ಲಿಗೆ ಮಾತ್ರ ಕಂಟಕ. ಅದರಲ್ಲೂ ಹುರುಳಿ. ಒಣಗಿದ ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ, ಕೆಳಗೆ ಉದುರಿದ ಕಾಳು ಚಕ್ರದಡಿ ಉರುಳುತ್ತದೆ. ಅಂಥ ಜಾಗದಲ್ಲಿ ಬ್ರೇಕ್ ಹಿಡಿದರೂ ಜಾರುತ್ತದೆ, ಬಿಟ್ಟರೂ ಜಾರುತ್ತದೆ.

ನಾನು ಬಿದ್ದದ್ದು ಹುರುಳಿಯ ಮೇಲೆ. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಬೀಳುವಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಅಂಗೈ ಊರಿದೆ. ಮೈಯ ಭಾರವೆಲ್ಲ ಮಣಿಕಟ್ಟಿನ ಮೇಲೆ ಬಿತ್ತು. ಸೈಕಲ್ಲಿನಿಂದ ಬಿದ್ದವರಿಗೆ ಮುರಿಯುವುದು ಹೆಚ್ಚಾಗಿ ಮಣಿಕಟ್ಟು, ಇಲ್ಲವೇ ಕುತ್ತಿಗೆಯ ಬುಡದಿಂದ ಹೆಗಲಿಗೆ ಹೋಗುವ ಕಾಲರ್ ಮೂಳೆ. ಇದಕ್ಕೆ ಕಾರಣ ಹೀಗೆ ಕೈಯೂರುವುದೇ.

ಹುರುಳಿ ತಿರುವಿಹಾಕುತ್ತಿದ್ದ ಗಂಡ ಹೆಂಡತಿ ಓಡಿ ಬಂದರು. ಗಂಡ ಕೈ ಎಳೆದು ನೆಟ್ಟಗೆ ಮಾಡಲು ಹೋದ. ಆಕೆ ತಡೆದಳು. "ಎಳೀಬ್ಯಾಡ ಸುಮ್ಕಿರು" ಅಂದವಳೇ ಅವನ ಹೆಗಲ ಮೇಲಿನ ಟವಲು ಕಿತ್ತುಕೊಂಡು ನನ್ನ ಕೈ ಇದ್ದ ಹಾಗೇ ಎದೆಗೆ ಆತುಕೊಳ್ಳುವಂತೆ ಕತ್ತಿಗೆ ಜೋಲಿ ಕಟ್ಟಿದಳು. ಆಮೇಲೆ ನನ್ನ ಬೆರಳು ನೋಡಿದಳು. "ಮೇಷ್ಟ್ರೇ, ಮೊದ್ಲು ಉಂಗ್ರ ತೆಗೀರಿ. ಊದ್ಕೊಂಡ್ರೆ ಆಮ್ಯಾಕೆ ಬರಾಕಿಲ್ಲ." ಕೊಡದ ನೀರು ಹಾಕಿ, ತಲೆಗೆ ಹಚ್ಚುವ ಎಣ್ಣೆ ಸವರಿ, ತಿರುಗಿಸಿ ತಿರುಗಿಸಿ ಉಂಗುರ ತೆಗೆದು ನನ್ನ ಜೇಬಿಗೆ ಹಾಕಿದಳು. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದೇ ಉಂಗುರದ ವಿಚಾರ. ಮುರಿದ ಕೈ ಊದಿಕೊಂಡು ಬೆರಳಿನ ರಕ್ತ ಕಟ್ಟಿದರೆ ಉಂಗುರ ಕತ್ತರಿಸಬೇಕಾಗುತ್ತದೆ, ಕೆಲವೊಮ್ಮೆ ಬೆರಳಿಗೇ ಅಪಾಯ. ಹೆಂಗಸರಾದರೆ ಬಳೆಯನ್ನೂ ತಕ್ಷಣ ತೆಗೆಯಬೇಕು.

ಮೊದಲ ಗಂಟೆಯಲ್ಲಿ ಇನ್ನೊಂದು ವಿಚಾರ, ತಲೆ. ಕೈಯ ನೋವಿನಲ್ಲಿ ತಲೆಗೆ ಬಿದ್ದ ಪೆಟ್ಟು ಮರೆತುಹೋಗುತ್ತದೆ. ಬಿದ್ದವರು ಎದ್ದು ಕೂತು ಮಾತಾಡಿ ಕಾಫಿ ಕುಡಿದು ಮನೆಗೆ ಹೋಗಿ ಮಲಗಿ, ಮತ್ತೆ ಏಳದೆ ಹೋದದ್ದುಂಟು. ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ತುಂಬಿಕೊಂಡರೆ ಹಾಗಾಗುತ್ತದೆ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಕರೆದರೆ ಓಗೊಡದಷ್ಟು ಮಂಪರು, ಮಾತು ತೊದಲುವುದು, ಫಿಟ್ಸ್, ಕಿವಿ ಮೂಗಿನಿಂದ ರಕ್ತ ಅಥವಾ ನೀರು ಸೋರುವುದು, ಇವುಗಳಲ್ಲಿ ಒಂದು ಕಂಡರೂ ಕಾಯಬಾರದು. ಬಿದ್ದ ದಿನ, ಬಿದ್ದ ರಾತ್ರಿ ಯಾರಾದರೊಬ್ಬರು ಜೊತೆಗಿರಬೇಕು. ರಕ್ತ ತೆಳುವಾಗಲು ಮಾತ್ರೆ ನುಂಗುವ ವಯಸ್ಸಾದವರಾದರೆ ಇನ್ನೂ ಹೆಚ್ಚು ಎಚ್ಚರ. ಗಾಯಕ್ಕೆ ರಸ್ತೆಯ ಮಣ್ಣು ಮೆತ್ತಿದ್ದರೆ ಟಿ.ಟಿ. ಇಂಜೆಕ್ಷನ್ ಮರೆಯಬಾರದು.

ಬಿದ್ದವರನ್ನು ಎತ್ತಿದರೆ ಪೊಲೀಸು ಕೋರ್ಟು ಅಂತ ಅಲೆಯಬೇಕಾಗುತ್ತದೆ ಅನ್ನುವ ಹೆದರಿಕೆ ಇನ್ನೂ ಹೋಗಿಲ್ಲ. ಈ ವಿಷಯದಲ್ಲಿ ನಮ್ಮ ಜಿಲ್ಲೆಗೇ ಸೇರಿದ ಒಬ್ಬ ಹುಡುಗನನ್ನು ನೆನೆಯಬೇಕು. ಗುಬ್ಬಿ ತಾಲ್ಲೂಕಿನ ಹರೀಶ್ ನಂಜಪ್ಪ. 2016ರ ಫೆಬ್ರವರಿಯಲ್ಲಿ ಊರಿನಲ್ಲಿ ಪಂಚಾಯಿತಿ ಚುನಾವಣೆಗೆ ಮತ ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ಹಿಂದಿರುಗುವಾಗ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿದ. ಆ ಸ್ಥಿತಿಯಲ್ಲೂ ತನ್ನ ಕಣ್ಣುಗಳನ್ನು ದಾನ ಮಾಡಿ ಅಂತ ಹೇಳಿ ಪ್ರಾಣ ಬಿಟ್ಟ. ಅದೇ ವರ್ಷ ಅವನ ಹೆಸರಿನಲ್ಲಿ 'ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ' ಬಂತು. ಅಪಘಾತವಾದ ಮೊದಲ 48 ಗಂಟೆ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ಕೊಡುವ ಯೋಜನೆ ಅದಾಗಿತ್ತು. ಗಾಯಾಳುಗಳಿಗೆ ನೆರವಾದವರನ್ನು ಕಾಪಾಡಲು ನಮ್ಮ ಶಾಸನಸಭೆ ಅದೇ ವರ್ಷ ಒಪ್ಪಿದ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ಕೇಂದ್ರದ ಮೋಟಾರು ವಾಹನ ಕಾಯ್ದೆಗೂ ಇಂಥದೇ ರಕ್ಷಣೆ ಸೇರಿತು. ಎತ್ತಿದವರು ಹೆಸರು ಹೇಳಲೇಬೇಕೆಂದಿಲ್ಲ, ಸಾಕ್ಷಿ ನುಡಿಯಲೇಬೇಕೆಂದಿಲ್ಲ. 108ಕ್ಕೆ ಫೋನು ಮಾಡಿದರೆ ಸಾಕು. ನಮ್ಮ ರಾಜ್ಯದಲ್ಲಿ ಆ ಸೇವೆ 2008ರ ರಾಜ್ಯೋತ್ಸವದಿಂದ ಇದೆ.

ಇನ್ನು ಕಟ್ಟಿನ ವಿಚಾರ. ಕೈ ಮುರಿಯಿತು ಅಂದ ಕೂಡಲೇ ನಮ್ಮ ಕಡೆ ಮನೆ ಎರಡು ಪಕ್ಷವಾಗುತ್ತದೆ. ಒಂದು ಆಸ್ಪತ್ರೆಯ ಪಕ್ಷ, ಇನ್ನೊಂದು ನಾಟಿ ಕಟ್ಟಿನ ಪಕ್ಷ. ಪಾವಗಡದವರಿಗೆ ಆಸ್ಪತ್ರೆ ಅಂದರೆ ತುಮಕೂರಿಗಿಂತ ಹಿಂದೂಪುರ, ಅನಂತಪುರ ಹತ್ತಿರ. ಕಟ್ಟು ಅಂದರೆ ಆಂಧ್ರದ ಪುತ್ತೂರು. ಅಲ್ಲಿಯವರೆಗೂ ಬಾಡಿಗೆ ಕಾರು ಮಾಡಿಕೊಂಡು ಹೋಗಿ ಬರುವವರಿದ್ದಾರೆ. ನಮ್ಮ ಹಳ್ಳಿಗಳಲ್ಲೂ ಬಿದಿರ ದಬ್ಬೆ, ಕೋಳಿಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು ಹಚ್ಚಿ ಕಟ್ಟು ಹಾಕುವವರುಂಟು. ಬೆರಳಿನಲ್ಲೇ ಮೂಳೆಯ ಜಾಡು ಹಿಡಿಯುವ ಅವರ ಅನುಭವವನ್ನು ನಾನು ಹಗುರವಾಗಿ ಆಡುವುದಿಲ್ಲ. ಆದರೆ ಬೆರಳಿಗೆ ಕಾಣದ್ದು ಕೆಲವು ಇವೆ. ಮಣಿಕಟ್ಟಿನಲ್ಲಿ ಗೋಡಂಬಿ ಗಾತ್ರದ ಒಂದು ಸಣ್ಣ ಮೂಳೆಯಿದೆ. ಅದು ಬಿರುಕುಬಿಟ್ಟರೆ ಮೊದಲ ದಿನದ ಎಕ್ಸ್‌ರೇಯಲ್ಲೂ ಒಮ್ಮೊಮ್ಮೆ ಕಾಣುವುದಿಲ್ಲ, ಹತ್ತು ಹದಿನೈದು ದಿನ ಬಿಟ್ಟು ಮತ್ತೆ ತೆಗೆಯಬೇಕಾಗುತ್ತದೆ.

ಅದಕ್ಕಿಂತ ದೊಡ್ಡ ಅಪಾಯ ಬಿಗಿ. ಮುರಿದ ಕೈ ಮೊದಲ ಎರಡು ಮೂರು ದಿನ ಊದುತ್ತದೆ. ಸುತ್ತ ಬಿಗಿಯಾಗಿ ದಬ್ಬೆ ಕಟ್ಟಿದ್ದರೆ ಊತ ಹೊರಗೆ ಹೋಗಲು ಜಾಗವಿಲ್ಲದೆ ಒಳಗಿನ ರಕ್ತನಾಳವನ್ನು ಅದುಮುತ್ತದೆ. ಮಾಂಸಖಂಡ ರಕ್ತ ಕಾಣದೆ ಸತ್ತು, ಬೆರಳುಗಳು ಮುದುಡಿ ಹಾಗೇ ನಿಂತುಬಿಡುತ್ತವೆ. ಜರ್ಮನಿಯ ವೈದ್ಯ ಫೋಲ್ಕ್‌ಮನ್ 1881ರಲ್ಲೇ ಇದನ್ನು ವಿವರಿಸಿ ಬರೆದ. ಈ ಅಪಾಯ ದಬ್ಬೆ ಕಟ್ಟಿಗೆ ಮಾತ್ರವಲ್ಲ, ಆಸ್ಪತ್ರೆಯ ಪ್ಲಾಸ್ಟರಿಗೂ ಉಂಟು. ಆದ್ದರಿಂದ ಕಟ್ಟು ಯಾರೇ ಹಾಕಿರಲಿ, ಬೆರಳ ತುದಿ ಕಾಣುವಂತಿರಬೇಕು. ಬೆರಳು ನೀಲಿಗಟ್ಟಿದರೆ, ತಣ್ಣಗಾದರೆ, ಜೋಮು ಹಿಡಿದರೆ, ಬೆರಳನ್ನು ನೆಟ್ಟಗೆ ಮಾಡಿದಾಗ ತಡೆಯಲಾರದ ನೋವು ಬಂದರೆ ಬೆಳಗಾಗಲಿ ಅಂತ ಕೂರಬಾರದು. ನಡುರಾತ್ರಿಯಾದರೂ ಹೋಗಿ ಕಟ್ಟು ಸಡಿಲಿಸಬೇಕು.

ಪ್ಲಾಸ್ಟರಿನೊಳಗೆ ಆಗುವುದೇನು ಅಂತ ತಿಳಿದರೆ ತಾಳ್ಮೆ ತಾನಾಗಿ ಬರುತ್ತದೆ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರದಲ್ಲಿ ಅಲ್ಲಿ ಮೆತ್ತನೆಯ ಅಂಟು ಮೂಳೆ ಬೆಳೆಯುತ್ತದೆ. ಅದು ಆಗ ತಾನೇ ಎಬ್ಬಿಸಿದ ಹಸಿ ಮಣ್ಣಿನ ಗೋಡೆ. ನಿಂತಿದೆ ಅಂತ ಒರಗಬಾರದು. ನೋವು ಹೋಯಿತು ಅಂತ ಮೂರನೇ ವಾರಕ್ಕೇ ಕಟ್ಟು ಬಿಚ್ಚಿಸಿಕೊಳ್ಳುವವರು ಈ ಹಸಿ ಗೋಡೆಗೆ ಒರಗಿದವರು. ಆರನೇ ವಾರದ ಹೊತ್ತಿಗೆ ಅದಕ್ಕೆ ಸುಣ್ಣದಂಶ ಕೂಡಿ ಗಟ್ಟಿಯಾಗುತ್ತದೆ. ಆಮೇಲೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷದ ಮೇಲೂ, ಮೂಳೆ ತನ್ನನ್ನು ತಾನೇ ಒಪ್ಪ ಮಾಡಿಕೊಳ್ಳುತ್ತಿರುತ್ತದೆ. ಬೀಡಿ ಸಿಗರೇಟು ಈ ಕೆಲಸವನ್ನು ನಿಧಾನ ಮಾಡುತ್ತವೆ. ಇದು ಉಪದೇಶವಲ್ಲ, ಮೂಳೆ ಡಾಕ್ಟರುಗಳೆಲ್ಲ ಒಪ್ಪುವ ಮಾತು.

ಪ್ಲಾಸ್ಟರಿನ ದಿನಗಳಲ್ಲಿ ಕೈಗೆ ಪೂರ್ತಿ ರಜೆಯಲ್ಲ. ಮೊದಲ ದಿನಗಳಲ್ಲಿ ಕೈಯನ್ನು ಎದೆಗಿಂತ ಮೇಲೆ ದಿಂಬಿನ ಮೇಲಿಡಬೇಕು. ಬೆರಳು, ಮೊಣಕೈ, ಹೆಗಲು, ಈ ಮೂರನ್ನೂ ದಿನವೂ ಆಡಿಸಬೇಕು. ಮುರಿದದ್ದು ಮಣಿಕಟ್ಟು, ಕೊನೆಗೆ ಹಿಡಿದುಕೊಳ್ಳುವುದು ಹೆಗಲು, ಇದು ನಮ್ಮಲ್ಲಿ ತೀರ ಸಾಮಾನ್ಯ. ಜೋಲಿಯಲ್ಲಿ ಕೈ ಕಟ್ಟಿಕೊಂಡು ಜಗಲಿಯ ಮೇಲೆ ಕೂತವರಿಗೆ ಹೆಗಲು ಬಿಗಿಯುವುದು ಗೊತ್ತೇ ಆಗುವುದಿಲ್ಲ. ಒಳಗೆ ನವೆ ಬಂದರೆ ಪೊರಕೆ ಕಡ್ಡಿ ಹಾಕಿ ಕೆರೆಯಬಾರದು, ಒಳಗೆ ಗಾಯವಾಗಿ ಕೀವು ಕಟ್ಟುತ್ತದೆ.

ಇನ್ನು ನೋಡಲು ಬರುವವರು. ಬ್ರೆಡ್ಡು, ಮೂಸಂಬಿ, ಎಳನೀರು, ಅವುಗಳ ಜೊತೆಗೊಂದು ಪಥ್ಯ. ಬದನೆಕಾಯಿ ನಂಜು, ಅವರೆಕಾಳು ನಂಜು, ಮೊಟ್ಟೆ ನಂಜು. ಹೊರಗೆ ಸೊಗಡು ಅವರೆಯ ಕಾಲ, ಅಕ್ಕಪಕ್ಕದ ಮನೆಗಳಿಂದ ಹಿತಕಬೇಳೆ ಸಾರಿನ ವಾಸನೆ, ನನ್ನ ತಟ್ಟೆಯಲ್ಲಿ ಮೆಣಸಿನ ಸಾರು. ಡಾಕ್ಟರನ್ನು ಕೇಳಿದೆ. ಅವರು ನಕ್ಕರು. ಮೂಳೆ ಕೂಡಲು ಬೇಕಾದದ್ದು ಸಸಾರಜನಕ, ಸುಣ್ಣದಂಶ, ಡಿ ಜೀವಸತ್ವ. ಅವರೆ, ಹುರುಳಿ, ಮೊಟ್ಟೆ, ಹಾಲು, ನುಗ್ಗೆಸೊಪ್ಪು ಬಿಟ್ಟರೆ ಅವು ಬರುವುದು ಎಲ್ಲಿಂದ? ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಕ್ಕಿ, ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ಮುದ್ದೆ, ಹುರುಳಿ ಬಸ್ಸಾರು ಉಂಡು ಬಿಸಿಲಿಗೆ ಕೂತವನಿಗೆ ಬೇರೆ ಟಾನಿಕ್ಕಿನ ಆಸೆ ಬೇಡ. ನನ್ನನ್ನು ಬೀಳಿಸಿದ ಹುರುಳಿಯೇ ನನಗೆ ಪಥ್ಯವೂ ಆಯಿತು. ಬೇಲಿಯಲ್ಲಿ ಹಬ್ಬುವ ಮಂಗರವಳ್ಳಿಯ ಚಟ್ನಿಯನ್ನೂ ಹಿರಿಯರು ಹೇಳುತ್ತಾರೆ. ಸಿದ್ಧರಬೆಟ್ಟದ ಆಸುಪಾಸಿನವರಿಗೆ ಅದರ ಪರಿಚಯ ಹೆಚ್ಚು. ಊಟದ ಜೊತೆಗೆ ಅದೂ ಇರಲಿ, ಪ್ಲಾಸ್ಟರಿನ ಬದಲಿಗೆ ಅಲ್ಲ.

ಈ ಸೀಮೆಯವರು ಮೂಳೆಯ ಮಾತಾಡುವಾಗ ನೀರಿನ ಮಾತು ಬಿಡುವ ಹಾಗಿಲ್ಲ. ಪಾವಗಡ, ಮಧುಗಿರಿ, ಶಿರಾ ತಾಲ್ಲೂಕುಗಳ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅನ್ನುವುದು ನಿಯಮ. ವರ್ಷಾನುಗಟ್ಟಲೆ ಅಂಥ ನೀರು ಕುಡಿದವರ ಮೂಳೆ ಎಕ್ಸ್‌ರೇಯಲ್ಲಿ ದಟ್ಟವಾಗಿ ಕಂಡರೂ ಒಳಗೆ ಪೆಡಸಾಗಿರುತ್ತದೆ, ಕೀಲುಗಳು ಬಿಗಿದಿರುತ್ತವೆ. ಅಂಥವರು ಬಿದ್ದರೆ ಚೇತರಿಕೆಯೂ ಕಷ್ಟ. ಆದ್ದರಿಂದ ಕುಡಿಯಲು ಅಡುಗೆಗೆ ಶುದ್ಧ ನೀರಿನ ಘಟಕದ ನೀರೇ ಬೇಕು. ಆದರೆ ಆ ನೀರು ಮನೆಗೆ ಬರುವುದು ಹೇಗೆ? ಸೈಕಲ್ಲಿನ ಮೇಲೆ. ಒಂದು ಕ್ಯಾನು ಅಂದರೆ 20 ಲೀಟರು, 20 ಕಿಲೋ. ದುಡಿಯುವವನ ಕೈ ಮುರಿದ ದಿನ ಮನೆಗೆ ಕೂಲಿಯೂ ನಿಲ್ಲುತ್ತದೆ, ಕ್ಯಾನೂ ನಿಲ್ಲುತ್ತದೆ. ಅಕ್ಕಪಕ್ಕದವರು ಬ್ರೆಡ್ಡಿನ ಬದಲು ಒಂದು ಕ್ಯಾನು ನೀರು ತಂದಿಳಿಸಿದರೆ ಅದು ದೊಡ್ಡ ಉಪಕಾರ.

ಈಗ ನಡುದಾರಿಗೆ ಬಂದೆವು. ಕಟ್ಟು ಬಿಚ್ಚಿದರು. ಒಳಗಿನಿಂದ ಹೊರಬಂದ ಕೈ ನನ್ನದೇ ಅಂತ ನಂಬುವುದು ಕಷ್ಟವಾಯಿತು. ಸಣಕಲಾಗಿ, ಬೆಳ್ಳಗೆ, ಸಿಪ್ಪೆ ಏಳುತ್ತಿತ್ತು. ಮೂಳೆ ಚೆನ್ನಾಗಿ ಕೂಡಿದೆ ಅಂದರು. ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಮಧುಗಿರಿಯಲ್ಲಿ ಆಗ ದಂಡಿನ ಮಾರಮ್ಮನ ಜಾತ್ರೆ. ಹರಕೆ ಇತ್ತು, ಹೋದೆವು. ಪೂಜಾರಿಗಳು ತೀರ್ಥ ಕೊಡಲು ಬಂದರು, ನಾನು ಕೈ ಚಾಚಿದೆ. ಅಂಗೈ ಮೇಲಾಗಲಿಲ್ಲ. ಅಡ್ಡಕ್ಕೆ ನಿಂತಿತು. ಎಷ್ಟು ತಿರುಗಿಸಿದರೂ ತೀರ್ಥ ನಿಲ್ಲುವಷ್ಟು ಗುಳಿ ಬರಲಿಲ್ಲ. ಹಿಂದಿದ್ದವರು "ಜರುಗ್ರಿ ಮುಂದೆ" ಅಂದರು. ಎಡಗೈ ಸೇರಿಸಿ ಹಿಡಿದುಕೊಂಡೆ.

ಅಂಗೈ ಮೇಲೆ ಕೆಳಗೆ ತಿರುಗುವುದು ಮುಂಗೈಯ ಎರಡು ಮೂಳೆಗಳ ಆಟ. ಮಣಿಕಟ್ಟು ಮುರಿದವರಿಗೆ ಮೊದಲು ಹೋಗುವುದು, ಕೊನೆಗೆ ಬರುವುದು ಅದೇ. ಅದಿಲ್ಲದೆ ಮುದ್ದೆ ಮುರಿಯಲಾಗದು, ಚಿಲ್ಲರೆ ಇಸಕೊಳ್ಳಲಾಗದು, ಬೀಗ ತೆಗೆಯಲಾಗದು, ಸೈಕಲ್ ಹ್ಯಾಂಡಲ್ ಹಿಡಿಯಲಾಗದು. ಜರ್ಮನಿಯ ಇನ್ನೊಬ್ಬ ವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿ ಹೇಳಿದ ಮಾತೊಂದಿದೆ. ಮೂಳೆ ತನ್ನ ಮೇಲೆ ಬೀಳುವ ಹೊರೆಗೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ. ಹೊರೆಯೇ ಇಲ್ಲದಿದ್ದರೆ ತೆಳುವಾಗುತ್ತದೆ. ಕೂಡಿದ ಮೂಳೆಗೆ ಬೇಕಾದದ್ದು ವಿಶ್ರಾಂತಿಯಲ್ಲ, ಅಳತೆಯ ಕೆಲಸ.

ಫಿಸಿಯೋಥೆರಪಿ ಅಂದರೆ ದಿನಾ ತುಮಕೂರಿಗೆ ಹೋಗಬೇಕು ಅಂದುಕೊಳ್ಳುತ್ತಾರೆ. ಒಮ್ಮೆ ಹೋಗಿ ಸರಿಯಾಗಿ ಕಲಿತು ಬಂದರೆ ಮನೆಯ ಸಾಮಾನೇ ಸಾಕು. ಉಗುರುಬೆಚ್ಚಗಿನ ನೀರಿನಲ್ಲಿ ಕೈ ಅದ್ದಿ ಒದ್ದೆ ಟವಲು ಹಿಂಡುವುದು. ಮೊಣಕೈಯನ್ನು ಪಕ್ಕೆಗೆ ಆನಿಸಿಕೊಂಡು, ಲಟ್ಟಣಿಗೆಯ ನಡು ಹಿಡಿದು ನಿಧಾನವಾಗಿ ಆ ಕಡೆ ಈ ಕಡೆ ವಾಲಿಸುವುದು. ತಟ್ಟೆಯಲ್ಲಿ ಕಡಲೆಕಾಯಿ ಹಾಕಿಕೊಂಡು ಹೆಬ್ಬೆರಳು ತೋರುಬೆರಳಿನಲ್ಲಿ ಒಂದೊಂದೇ ಸುಲಿಯುವುದು. ಕೈ ಜೋಡಿಸಿ ನಮಸ್ಕಾರ ಮಾಡುತ್ತಾ, ಜೋಡಿಸಿದ್ದನ್ನು ಬಿಡದೆ ಎದೆಯಿಂದ ಹೊಟ್ಟೆಯ ಕಡೆಗೆ ಇಳಿಸುವುದು. ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುತ್ತಾ ಹೆಗಲು ಬಿಡಿಸುವುದು. ಮುರಿದಿದ್ದ ಕೈಲಿ ಅರ್ಧ ಚೊಂಬು ನೀರು ಎತ್ತುವುದು, ಆಮೇಲೆ ತುಂಬಿದ ಚೊಂಬು. ನೋವು ಬರುತ್ತದೆ. ಮಾಡಿ ಬಿಟ್ಟ ಸ್ವಲ್ಪ ಹೊತ್ತಿಗೆ ಇಳಿಯುವ ನೋವು ಒಳ್ಳೆಯದು, ರಾತ್ರಿಯೆಲ್ಲ ಉಳಿಯುವ ನೋವು ಅತಿಯಾಯಿತು ಅನ್ನುವುದರ ಗುರುತು. ಕೈ ಊದಿ, ಚರ್ಮ ಮಿರಮಿರ ಮಿಂಚಿ, ಮುಟ್ಟಿದರೆ ಉರಿದರೆ ಮಾತ್ರ ಅದು ಬೇರೆ ತೊಂದರೆ, ಕೂಡಲೇ ಡಾಕ್ಟರಿಗೆ ತೋರಿಸಬೇಕು. ಎಣ್ಣೆ ಹಚ್ಚಿ ಜೋರಾಗಿ ನೀವಿಸುವುದು, ಬೇರೆಯವರಿಂದ ಬಲವಂತವಾಗಿ ತಿರುಗಿಸಿಕೊಳ್ಳುವುದು, ಇವೆರಡೂ ಬೇಡ.

ನನಗೆ ಸಂಬಳದ ರಜೆ ಇತ್ತು. ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೂತಿದ್ದ ಗಾರೆ ಕೆಲಸದವನಿಗೆ ಇರಲಿಲ್ಲ. ಅವನೂ ಕೆಲಸಕ್ಕೆ ಹೋಗುವಾಗಲೇ ಸೈಕಲ್ಲಿನಿಂದ ಬಿದ್ದವನು. ಕೈ ಪೂರ್ತಿ ತಿರುಗುವ ಮೊದಲೇ ಅವನು ಕರಣೆ ಹಿಡಿಯಬೇಕು. ಆದ್ದರಿಂದ ಉಳಿದರ್ಧ ದಾರಿ ದೇಹದ್ದಷ್ಟೇ ಅಲ್ಲ, ದುಡ್ಡಿನದೂ ಹೌದು. ಇಲ್ಲಿ ಕಾನೂನು ಎಷ್ಟು ದೂರ ಬಂದಿದೆ ಅನ್ನುವುದು ನಮ್ಮ ಜನಕ್ಕೆ ಗೊತ್ತಾಗಬೇಕು.

ಕಾರ್ಮಿಕರ ವಿಮೆಯ ಇ.ಎಸ್.ಐ. ಕಾಯ್ದೆಗೆ 2010ರಲ್ಲಿ ಒಂದು ಕಲಮು ಸೇರಿತು. ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸ ಮುಗಿಸಿ ಮನೆಗೆ ಬರುವಾಗ ಆದ ಅಪಘಾತವನ್ನೂ ಕೆಲಸದಲ್ಲಿ ಆದ ಅಪಘಾತವೆಂದೇ ಎಣಿಸಬೇಕು ಅನ್ನುವುದು ಅದರ ಸಾರ. ಗಾರ್ಮೆಂಟ್ಸಿನವರು, ಕಾರ್ಖಾನೆಯವರು ತಮ್ಮ ಸಂಬಳದ ಚೀಟಿಯಲ್ಲಿ ಇ.ಎಸ್.ಐ. ಹಿಡಿದಿದ್ದಾರೆಯೇ ನೋಡಿಕೊಳ್ಳಿ. ಹಿಡಿದಿದ್ದರೆ ಚಿಕಿತ್ಸೆಯ ಜೊತೆಗೆ, ದುಡಿಯಲಾಗದ ದಿನಗಳಿಗೆ ಕೂಲಿಯ ಸುಮಾರು ಶೇಕಡ 90 ಭಾಗ ಸಿಗುತ್ತದೆ. ಇ.ಎಸ್.ಐ. ಇಲ್ಲದ ಕೆಲಸಗಾರರಿಗೆ 1923ರ ಪರಿಹಾರ ಕಾಯ್ದೆ ಇತ್ತು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ 2003ರಲ್ಲಿ ನಸುಕಿನ ಮೂರು ಗಂಟೆಯ ಪಾಳಿಗೆ ಹೊರಟು, ಕಾರ್ಖಾನೆ ಇನ್ನು ಐದು ಕಿಲೋಮೀಟರು ಇದೆ ಅನ್ನುವಾಗ ಅಪಘಾತದಲ್ಲಿ ಸತ್ತ. ದಾರಿಯಲ್ಲಿ ಸತ್ತರೆ ಅದು ಕೆಲಸದ ಸಾವು ಹೇಗಾಗುತ್ತದೆ ಅನ್ನುವ ವಾದ ನಡೆಯಿತು. 2025ರ ಜುಲೈ 29ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಹೊತ್ತು, ಜಾಗ, ಸಂದರ್ಭ ಕೆಲಸಕ್ಕೆ ನಂಟಿರುವಂತಿದ್ದರೆ ದಾರಿಯೂ ಕೆಲಸದ ಭಾಗವೇ ಅಂದಿತು. ಅದೇ ವರ್ಷದ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಮಾತು ಬರಹದಲ್ಲಿದೆ. ಆ ಸಂಸಾರ ಕಾದದ್ದು ಇಪ್ಪತ್ತೆರಡು ವರ್ಷ. ಅವರು ಕಾದು ಗಿಟ್ಟಿಸಿದ್ದನ್ನು ನಾವು ತಿಳಿಯದೆ ಕಳೆದುಕೊಳ್ಳಬಾರದು.

ಮೋಟಾರು ವಾಹನ ತಾಗಿ ಬಿದ್ದದ್ದಾದರೆ ಇನ್ನೂ ಎರಡು ದಾರಿಗಳಿವೆ. 2025ರ ಮೇ ತಿಂಗಳಿಂದ, ಅಂಥ ಗಾಯಾಳುವಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ನಗದಿಲ್ಲದ ಚಿಕಿತ್ಸೆಯ ಯೋಜನೆ ಇದೆ. ಗುದ್ದಿದ ಗಾಡಿ ನಿಲ್ಲದೆ ಹೋದರೆ, 2022ರ ಏಪ್ರಿಲ್‌ನಿಂದ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಪರಿಹಾರವಿದೆ. ಮೂಳೆ ಮುರಿತವನ್ನು ಭಾರತೀಯ ನ್ಯಾಯ ಸಂಹಿತೆ ತೀವ್ರ ಗಾಯವೆಂದೇ ಹೇಳುತ್ತದೆ. ಆದರೆ ಇವೆಲ್ಲಕ್ಕೂ ಕಾಗದ ಬೇಕು. ಆಸ್ಪತ್ರೆಯಲ್ಲಿ ಅಪಘಾತವೆಂದು ದಾಖಲಿಸುವ ಎಂ.ಎಲ್.ಸಿ. ಬರೆಸಬೇಕು, ಠಾಣೆಯಲ್ಲಿ ದೂರು ಕೊಡಬೇಕು, ಎಕ್ಸ್‌ರೇ, ಚೀಟಿ, ಬಿಲ್ಲು ಒಂದು ಚೀಲದಲ್ಲಿ ಹಾಕಿಡಬೇಕು. "ಎಲ್ಲಿ ಬಿದ್ದೆ?" ಅಂತ ಕೇಳಿದಾಗ "ಮನೇಲಿ ಜಾರಿ ಬಿದ್ದೆ" ಅಂತ ಬರೆಸಿದರೆ ಎಲ್ಲ ದಾರಿಯೂ ಅಲ್ಲಿಗೇ ಮುಚ್ಚುತ್ತದೆ. ತನ್ನಷ್ಟಕ್ಕೆ ತಾನೇ ಜಾರಿ ಬಿದ್ದ ಸೈಕಲ್ ಸವಾರನಿಗೆ ಈ ಎರಡು ಯೋಜನೆಗಳಿಲ್ಲ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದ್ದರೂ ಅದು ಸಾವಿಗೆ, ಶಾಶ್ವತ ಊನಕ್ಕೆ ಮಾತ್ರ. ಆರು ವಾರದ ಕೂಲಿಗೆ ಅಲ್ಲ. ಹುರುಳಿ ಮೇಲೆ ಜಾರಿದ ಕೂಲಿಕಾರನಿಗೆ ಸಿಗುವುದು ನೆಂಟರ ಸಾಲ. ಈ ಕಂದಕ ಇನ್ನೂ ಮುಚ್ಚಿಲ್ಲ.

ಕೊನೆಯದು ಹೆದರಿಕೆ. ಕೈ ತಿರುಗಿದರೂ ಮನಸ್ಸು ತಿರುಗುವುದು ತಡ. ಹಿಂದೆ ಲಾರಿ ಸದ್ದು ಕೇಳಿದರೆ ಸಾಕು, ಹೆಗಲು ಬಿಗಿಯುತ್ತದೆ, ಸೈಕಲ್ ವಾಲುತ್ತದೆ. ಇದು ಪುಕ್ಕಲುತನವಲ್ಲ, ಪೆಟ್ಟು ತಿಂದ ಮೈಯ ನೆನಪು. ಮೊದಲು ಸೈಕಲ್ಲಿಗೆ ಚಿಕಿತ್ಸೆ ಮಾಡಿಸಿ. ಬಿದ್ದ ಸೈಕಲ್ಲಿನ ಫೋರ್ಕ್ ಕೂದಲೆಳೆಯಷ್ಟು ಬಾಗಿದ್ದರೂ ಒಂದೇ ಕಡೆಗೆ ಎಳೆಯುತ್ತದೆ. ರಿಮ್ಮಿನ ಬೆಂಡು ತೆಗೆಸಿ, ಬ್ರೇಕ್ ರಬ್ಬರ್ ಬದಲಿಸಿ, ಹಿಂದಿನ ಮಡ್‌ಗಾರ್ಡಿಗೆ, ಪೆಡಲಿಗೆ ರೇಡಿಯಂ ಅಂಟಿಸಿ. ನಿಂತಲ್ಲೇ ಎರಡೂ ಬ್ರೇಕನ್ನು ಪೂರ್ತಿ ಅದುಮಿ ನೋಡಿ. ಮುರಿದಿದ್ದ ಕೈ ಬ್ರೇಕ್ ಹಿಡಿಯಲಾರದಿದ್ದರೆ ರಸ್ತೆಗೆ ಇನ್ನೂ ಹೊತ್ತಿದೆ. ಮೊದಲು ಶಾಲೆಯ ಮೈದಾನ, ಆಮೇಲೆ ಊರೊಳಗಿನ ದಾರಿ, ಆಮೇಲೆ ಹೆದ್ದಾರಿ. ಆ ದಿನಗಳಲ್ಲಿ ಹ್ಯಾಂಡಲಿಗೆ ಚೀಲ, ಕ್ಯಾನು ನೇತುಹಾಕಬೇಡಿ. ಹೆಲ್ಮೆಟ್ ಸೈಕಲ್ಲಿಗೆ ಕಡ್ಡಾಯವಲ್ಲ, ತಲೆಗೆ ಮಾತ್ರ ಅದು ಬೇಕು.

ಹುರುಳಿ ಹರಡಿದ್ದ ಆ ರೈತ ದಂಪತಿಯ ಮೇಲೆ ಕೇಸು ಹಾಕಿ ಅಂದವರಿದ್ದರು. ಅವರ ಮನೆಯಿಂದಲೂ ದಿನಾ ಒಂದು ಸೈಕಲ್ ಕೆಲಸಕ್ಕೆ ಹೊರಡುತ್ತದೆ. ರಸ್ತೆಯಲ್ಲಿ ಒಕ್ಕುವವರೂ ರಸ್ತೆಯಲ್ಲಿ ಬೀಳುವವರೂ ಒಂದೇ ಊರಿನವರು. ಉದ್ಯೋಗ ಖಾತರಿಯ ಹಣದಲ್ಲಿ ಎಷ್ಟೋ ಪಂಚಾಯಿತಿಗಳು ಸಿಮೆಂಟಿನ ಒಕ್ಕಣೆ ಕಣ ಕಟ್ಟಿಸಿವೆ. ನಿಮ್ಮೂರಿನಲ್ಲಿ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಕೇಳಿ. ಕಣ ಬರುವವರೆಗೆ ರಸ್ತೆಯಲ್ಲಿ ಒಕ್ಕುವವರು ಕನಿಷ್ಠ ಎಡ ಅಂಚಿನ ಒಂದು ಮೊಳ ಖಾಲಿ ಬಿಡಿ, ಸಂಜೆ ಗುಡಿಸಿ ಹೋಗಿ. ಕೆಲಸ ಕೊಡುವವರು, ಕೈ ಮುರಿದು ಹಿಂದಿರುಗಿದವನಿಗೆ ಒಂದಷ್ಟು ದಿನ ಭಾರ ಎತ್ತದ ಕೆಲಸ ಕೊಡಿ. ಅವನು ಮತ್ತೆ ಬೀಳದಿದ್ದರೆ ನಿಮಗೂ ಲಾಭವೇ.

ನಾನು ಈಗ ಕಪ್ಪು ಹಲಗೆಯ ಮೇಲಿನ ಸಾಲಿನಲ್ಲೂ ಬರೆಯುತ್ತೇನೆ. ಅಕ್ಷರ ಕೊಂಚ ಓರೆ, ಮಕ್ಕಳು ಹೊಂದಿಕೊಂಡಿದ್ದಾರೆ. ಇಷ್ಟು ಬಂದದ್ದು ಕಟ್ಟು ಬಿಚ್ಚಿದ ಮೇಲಿನ ದಿನಗಳಲ್ಲಿ. ಆದ್ದರಿಂದ ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಯಾರಾದರೂ ಬಿದ್ದು ಎದ್ದಿದ್ದರೆ, "ಕಟ್ಟು ಬಿಚ್ಚಿದ್ರಾ?" ಅಂತ ಕೇಳಿ ಸುಮ್ಮನಾಗಬೇಡಿ. "ಅಂಗೈ ತಿರುಗುತ್ತಾ? ಕೈ ಮೇಲಕ್ಕೆ ಹೋಗುತ್ತಾ? ಕೂಲಿ ಶುರುವಾಯ್ತಾ?" ಅಂತಲೂ ಕೇಳಿ. ಈ ಮೂರಕ್ಕೂ ಹೌದು ಅನ್ನುವ ಉತ್ತರ ಬಂದ ದಿನ ಅವರು ಗುಣವಾದರು ಅನ್ನೋಣ.